ಅಂಕ ಕುಸಿದ ಮಗಳಿಗೆ ಆತ್ಮವಿಶ್ವಾಸದ ಶಿಬಿರ ಬೇಕೇ?

ನೀವು ಬರೆದದ್ದು ಇಷ್ಟು. ಮಗಳು ಏಳನೆಯ ತರಗತಿಯವರೆಗೆ ಕಾಪು ಕಡೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಮೊದಲ ಸ್ಥಾನದಲ್ಲಿದ್ದಳು. ಎಂಟನೆಯ ತರಗತಿಗೆ ಉಡುಪಿಯ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸಿದಿರಿ. ಈಗ ಒಂಬತ್ತರ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದ ಅಂಕ ನಲುವತ್ತು ದಾಟಿಲ್ಲ. ‘ಅವಳಿಗೆ ಆತ್ಮವಿಶ್ವಾಸವೇ ಇಲ್ಲ’ ಎಂದು ಕ್ಲಾಸ್ ಟೀಚರ್ ಹೇಳಿದ್ದಾರೆ. ಗಂಡ ದುಬೈಯಲ್ಲಿದ್ದಾರೆ. ರಜೆಯಲ್ಲಿ ವ್ಯಕ್ತಿತ್ವ ವಿಕಸನ ಶಿಬಿರಕ್ಕೆ ಕಳುಹಿಸಿದರೆ ಅಂಕ ಸುಧಾರಿಸೀತೇ ಎಂದು ಕೇಳುತ್ತಿದ್ದೀರಿ.

ಹೋಗುವ ಆಸೆ ಅವಳಿಗೇ ಇದ್ದರೆ ಕಳುಹಿಸಿ, ನಾಲ್ಕು ಜನರ ಜೊತೆ ಹಾಡಿ ಕುಣಿದು ಬರಲಿ. ಗಣಿತದ ಅಂಕಕ್ಕಾಗಿ ಎಂದಾದರೆ ಆ ದುಡ್ಡು ಉಳಿಸಿಕೊಳ್ಳಿ. ಉಡುಪಿ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿ ನಿವೃತ್ತನಾದವನು ನಾನು. ಆತ್ಮವಿಶ್ವಾಸ ತುಂಬುತ್ತೇವೆ ಎನ್ನುವವರ ಬಗ್ಗೆ ನನಗೆ ಮೊದಲಿನಿಂದಲೂ ಸ್ವಲ್ಪ ಗುಮಾನಿ ಇದೆ ಎಂಬುದನ್ನು ಮುಂಚಿತವಾಗಿಯೇ ಹೇಳಿಬಿಡುತ್ತೇನೆ.

ಗುಮಾನಿಗೆ ಆಧಾರವೂ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1986ರಲ್ಲಿ ಇದಕ್ಕೆಂದೇ ಸರಕಾರಿ ಕಾರ್ಯಪಡೆಯೊಂದನ್ನು ರಚಿಸಿತ್ತು. ಜನರಲ್ಲಿ ಸ್ವಾಭಿಮಾನ ಬೆಳೆಸಿದರೆ ಓದಿನಲ್ಲಿ ಹಿಂದೆ ಬೀಳುವುದರಿಂದ ಹಿಡಿದು ಮಾದಕ ವಸ್ತುಗಳ ಚಟದವರೆಗೆ ಎಲ್ಲವೂ ಇಳಿದೀತು ಎಂಬುದು ಅವರ ಲೆಕ್ಕ. ಮುಂದೆ 2003ರಲ್ಲಿ ಮನಶ್ಶಾಸ್ತ್ರಜ್ಞ ರಾಯ್ ಬಾಮೈಸ್ಟರ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿ ನೋಡಿದರು. ಸ್ವಾಭಿಮಾನಕ್ಕೂ ಶಾಲೆಯ ಅಂಕಕ್ಕೂ ನಂಟು ಇದ್ದದ್ದು ನಿಜ, ಆದರೆ ಅದು ಸಾಧಾರಣದ್ದು. ಅದರಲ್ಲೂ ಚೆನ್ನಾಗಿ ಕಲಿತದ್ದರಿಂದ ಅಭಿಮಾನ ಮೂಡಿದ್ದಕ್ಕೆ ಸಿಕ್ಕಷ್ಟು ಆಧಾರ, ಅಭಿಮಾನದಿಂದ ಅಂಕ ಬಂದದ್ದಕ್ಕೆ ಸಿಗಲಿಲ್ಲ. 2007ರಲ್ಲಿ ಇನ್ನೊಂದು ಪ್ರಯೋಗ ಪ್ರಕಟವಾಯಿತು. ಕಡಿಮೆ ಅಂಕ ಪಡೆದ ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪಿಗೆ ವಾರವಾರ ಸ್ವಾಭಿಮಾನ ಹೆಚ್ಚಿಸುವಂಥ ಇಮೇಲ್ ಕಳುಹಿಸಿದರು. ಕೊನೆಯ ಪರೀಕ್ಷೆಯಲ್ಲಿ ಆ ಗುಂಪಿನ ಅಂಕ ಇನ್ನಷ್ಟು ಕೆಳಗಿಳಿಯಿತು. ಓದದಿದ್ದರೂ ನೀನು ಸರಿಯಾಗಿಯೇ ಇದ್ದೀಯೆ ಎಂದು ಯಾರಾದರೂ ಹೇಳುತ್ತಿದ್ದರೆ ಪುಸ್ತಕ ತೆರೆಯುವ ಅಗತ್ಯವಾದರೂ ಏನು?

ಆದರೆ ‘ನಾನು ಒಳ್ಳೆಯವಳು’ ಎಂಬ ಒಟ್ಟಾರೆ ಭಾವನೆ ಒಂದು, ‘ಈ ಲೆಕ್ಕ ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಇನ್ನೊಂದು. ಎರಡನೆಯದಕ್ಕೂ ಅಂಕಕ್ಕೂ ಇರುವ ನಂಟು ಹೆಚ್ಚು ಗಟ್ಟಿ, ಅದು ಎರಡೂ ಕಡೆಯಿಂದ ಕೆಲಸ ಮಾಡುತ್ತದೆ: ಲೆಕ್ಕ ಬಂದರೆ ನಂಬಿಕೆ ಹುಟ್ಟುತ್ತದೆ, ನಂಬಿಕೆ ಇದ್ದವಳು ಕಷ್ಟದ ಲೆಕ್ಕವನ್ನು ಅರ್ಧಕ್ಕೆ ಬಿಟ್ಟು ಏಳುವುದಿಲ್ಲ. ನಿಮ್ಮ ಮಗಳಿಗೆ ಬೇಕಾದದ್ದು ಇದು. ಚಪ್ಪಾಳೆ ತಟ್ಟಿಸಿ ಇದನ್ನು ಕೊಡಲಾಗುವುದಿಲ್ಲ.

ಹಾಗಾದರೆ ಇದ್ದ ನಂಬಿಕೆ ಹೋದದ್ದೆಲ್ಲಿ? ಊರಿನ ಶಾಲೆಯಲ್ಲಿ ಅವಳೇ ಮೊದಲು, ಉಡುಪಿಯಲ್ಲಿ ಅವಳ ಬೆಂಚಿನಲ್ಲಿ ಕೂತ ಮೂವರೂ ತಮ್ಮ ತಮ್ಮ ಹಳೆಯ ಶಾಲೆಯ ಮೊದಲಿಗರು. ಆಸ್ಟ್ರೇಲಿಯಾದ ಹರ್ಬರ್ಟ್ ಮಾರ್ಷ್ 1980ರ ದಶಕದಿಂದ ಇದನ್ನೇ ಅಧ್ಯಯನ ಮಾಡಿದವರು. ಒಂದೇ ಸಾಮರ್ಥ್ಯದ ಇಬ್ಬರು ಮಕ್ಕಳಲ್ಲಿ ಬಹಳ ಜಾಣರ ನಡುವೆ ಕೂತ ಮಗು ತನ್ನನ್ನು ಕಡಿಮೆ ಎಂದು ಎಣಿಸುತ್ತದೆ ಎಂಬುದು ಅವರು ಕಂಡುಕೊಂಡದ್ದು. ಮುಂದೆ ಹಲವು ದೇಶಗಳಲ್ಲಿ ಅದು ಮತ್ತೆ ಮತ್ತೆ ಸಾಬೀತಾಯಿತು. ಮಗು ತನ್ನನ್ನು ಅಳೆದುಕೊಳ್ಳುವುದು ಪಕ್ಕದವರ ಉತ್ತರ ಪತ್ರಿಕೆ ಇಣುಕಿ ನೋಡಿಯೇ.

ನಮ್ಮ ಎರಡು ಜಿಲ್ಲೆಗಳಲ್ಲಿ ಈ ಅಳತೆ ಇನ್ನೂ ಕ್ರೂರವಾಗಿದೆ. ಎಸ್‌ಎಸ್‌ಎಲ್‌ಸಿಯಲ್ಲಿ 2024ಕ್ಕೆ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ಕ್ಕೆ ಸ್ಥಾನ ಅದಲು ಬದಲು. ಪಿಯುಸಿಯದೂ ಹೆಚ್ಚು ಕಡಿಮೆ ಇದೇ ಕತೆ. ಹೆಮ್ಮೆ ಪಡೋಣ, ತಪ್ಪಿಲ್ಲ. ಆದರೆ ಫಲಿತಾಂಶ ಬಂದ ಮರುದಿನ ಶಾಲೆಯ ಗೇಟಿನಲ್ಲಿ 625ಕ್ಕೆ 620 ದಾಟಿದವರ ಫ್ಲೆಕ್ಸ್ ಏರುತ್ತದೆ, ಆ ವಾರದ ಮದುವೆ ಊಟದ ಪಂಕ್ತಿಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಐನೂರರ ಆಸುಪಾಸಿನಲ್ಲಿರುವ ಮಗು, ಅಂದರೆ ಶೇಕಡಾ ಎಂಬತ್ತರ ಮಗು, ಇಲ್ಲಿ ತಲೆ ತಗ್ಗಿಸಿ ಪಾಯಸ ಕುಡಿಯುತ್ತದೆ. ಬೇರೆ ಊರಿನಲ್ಲಾಗಿದ್ದರೆ ಅದೇ ಮಗುವಿಗೆ ಪೇಡ ಹಂಚುತ್ತಿದ್ದರು. ಮಗಳ ಎದುರಿನಲ್ಲಿ ‘ಎಷ್ಟು ಬಂತು?’ ಎಂದು ಕೇಳುವ ದೊಡ್ಡಮ್ಮ, ಮಾವಂದಿರಿಗೆ ‘ಓದುತ್ತಿದ್ದಾಳೆ’ ಎಂದಷ್ಟೇ ಹೇಳಿ ಮಾತು ತಿರುಗಿಸುವ ಹಕ್ಕು ನಿಮಗಿದೆ. ದಯವಿಟ್ಟು ಅದನ್ನು ಬಳಸಿ.

ಮಾಧ್ಯಮ ಬದಲಾದದ್ದು ಎರಡನೆಯ ಪೆಟ್ಟು. ಛೇದ, ಗುಣಲಬ್ಧ ಎಂದು ಕಲಿತವಳಿಗೆ ಪ್ರಶ್ನೆಯೇ ಇಂಗ್ಲಿಷಿನಲ್ಲಿ ಬಂದಾಗ, ಗೊತ್ತಿರುವ ಲೆಕ್ಕವೂ ಗೊತ್ತಿಲ್ಲದಂತೆ ಕಾಣುತ್ತದೆ. ಮನೆಯಲ್ಲಿ ತುಳು, ಹಳೆಯ ಶಾಲೆಯಲ್ಲಿ ಕನ್ನಡ, ಈಗ ಇಂಗ್ಲಿಷ್. ಕೈ ಎತ್ತಿ ಸಂಶಯ ಕೇಳಲು ಅವಳಿಗೆ ಯಾವ ಭಾಷೆಯಲ್ಲಿ ಧೈರ್ಯ ಬರಬೇಕು? ತರಗತಿಯಲ್ಲಿ ಸುಮ್ಮನೆ ಕೂತವಳನ್ನು ಕಂಡು ಆತ್ಮವಿಶ್ವಾಸ ಇಲ್ಲ ಎನ್ನುವುದು ಟೀಚರಿಗೆ ಸುಲಭ.

ಒಂಬತ್ತರ ಗಣಿತದಲ್ಲಿ ಮುಗ್ಗರಿಸುವ ಹೆಚ್ಚಿನ ಮಕ್ಕಳ ಉತ್ತರ ಪತ್ರಿಕೆ ತೆರೆದರೆ ತಪ್ಪು ಒಂಬತ್ತನೆಯ ತರಗತಿಯ ಪಾಠದಲ್ಲಿ ಇರುವುದಿಲ್ಲ. ಬಹುಪದೋಕ್ತಿಯ ಸೂತ್ರ ಸರಿ ಇರುತ್ತದೆ, ಆವರಣ ಬಿಡಿಸುವಾಗ ಋಣ ಚಿಹ್ನೆ ತಪ್ಪಿರುತ್ತದೆ. ಸಮೀಕರಣ ಸರಿಯಾಗಿ ಬರೆದಿರುತ್ತಾರೆ, ಭಿನ್ನರಾಶಿ ಕೂಡಿಸಲು ಬರುವುದಿಲ್ಲ. ಇವು ಆರು, ಏಳನೆಯ ತರಗತಿಯ ಪಾಠಗಳು. ಪರೀಕ್ಷೆಯ ಪತ್ರಿಕೆ ಕೈಯಲ್ಲಿ ಹಿಡಿದು ಪ್ರತಿ ತಪ್ಪಿನ ಪಕ್ಕದಲ್ಲಿ ಅದು ಯಾವ ಬಗೆಯದು ಎಂದು ಅವಳಿಂದಲೇ ಬರೆಸಿ. ನಿಮಗೆ ಗಣಿತ ಬರಬೇಕಾಗಿಲ್ಲ, ಜೊತೆಗೆ ಕೂತರೆ ಸಾಕು. ತಪ್ಪುಗಳು ಎರಡು ಮೂರು ಬಗೆಗಳಲ್ಲೇ ಮುಗಿಯುವುದನ್ನು ಕಂಡಾಗ ಮಕ್ಕಳ ಮುಖ ಬದಲಾಗುವುದನ್ನು ನಾನು ನೋಡಿದ್ದೇನೆ. ‘ನನಗೆ ಗಣಿತ ಬರುವುದಿಲ್ಲ’ ಎನ್ನುತ್ತಿದ್ದವಳು ‘ನನಗೆ ಭಿನ್ನರಾಶಿ ಮರೆತಿದೆ’ ಎನ್ನಲು ಶುರು ಮಾಡುತ್ತಾಳೆ. ಹಳೆಯ ಕನ್ನಡ ಪಠ್ಯಪುಸ್ತಕ ಮನೆಯಲ್ಲಿದ್ದರೆ ಅದರಿಂದಲೇ ಭಿನ್ನರಾಶಿ ಮಾಡಿಸಿ, ಆಮೇಲೆ ಇಂಗ್ಲಿಷ್ ಪುಸ್ತಕದ ಲೆಕ್ಕಕ್ಕೆ ಬನ್ನಿ.

ಹೊಗಳುವಾಗ ಸ್ವಲ್ಪ ಎಚ್ಚರ. ‘ನೀನು ಜಾಣೆ’ ಎಂದು ಹೊಗಳಿಸಿಕೊಂಡ ಮಕ್ಕಳು ಒಮ್ಮೆ ಸೋತಾಗ ಬೇಗ ಕೈಚೆಲ್ಲಿದರು, ಪ್ರಯತ್ನವನ್ನು ಹೊಗಳಿಸಿಕೊಂಡವರು ಮುಂದುವರಿದರು ಎಂದು ಕ್ಲಾಡಿಯಾ ಮ್ಯುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ತೋರಿಸಿದರು. ಏಳು ವರ್ಷ ಜಾಣೆ ಎನಿಸಿಕೊಂಡವಳಿಗೆ ಈಗಿನ ನಲುವತ್ತು ಅಂಕ ಎಷ್ಟು ಭಾರ ಎಂದು ನೀವೇ ಊಹಿಸಿ.

ಮನೆಯ ವಿಷಯಕ್ಕೆ ಬಂದರೆ, 1987ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಪ್ರೌಢಶಾಲೆಗಳ ಸಾವಿರಾರು ಮಕ್ಕಳ ಅಧ್ಯಯನವೊಂದು ಬಂತು. ನಿಯಮವೂ ಇದ್ದು, ಮಾತಿಗೆ ಜಾಗವೂ ಇದ್ದ ಮನೆಯ ಮಕ್ಕಳ ಅಂಕ ಉತ್ತಮವಾಗಿತ್ತು. ಬರೀ ಗದರಿಕೆಯ ಮನೆಯವರದೂ, ಹೇಗಾದರೂ ಇರಲಿ ಎಂದು ಬಿಟ್ಟ ಮನೆಯವರದೂ ಕಡಿಮೆ. ಏಷ್ಯಾ ಮೂಲದ ಕುಟುಂಬಗಳಲ್ಲಿ ಮಾತ್ರ ಈ ಲೆಕ್ಕ ಅಷ್ಟು ಸರಿಯಾಗಿ ಕೂಡಿ ಬರಲಿಲ್ಲ, ಹಾಗಾಗಿ ಅದನ್ನು ವೇದವಾಕ್ಯ ಮಾಡುವುದು ಬೇಡ. ನಾನು ಕಂಡ ಮನೆಗಳಲ್ಲಿ ಅಪ್ಪ ಮಲ್ಪೆಯಲ್ಲಿ ಬೋಟಿಗೆ ಹೋಗುವವರೋ, ಅಮ್ಮ ಬೀಡಿ ಕಟ್ಟುವವರೋ ಆಗಿದ್ದೂ ಚೆನ್ನಾಗಿ ಓದಿದ ಮಕ್ಕಳು ಬೇಕಾದಷ್ಟು. ಗಂಡ ಹೊರದೇಶದಲ್ಲಿದ್ದಾರೆ ಎಂಬುದೇ ಕಾರಣ ಎಂದು ಮನಸ್ಸು ಕೆಡಿಸಿಕೊಳ್ಳಬೇಡಿ.

ಅವರ ಫೋನಿನ ಹೊತ್ತನ್ನು ಮಾತ್ರ ಒಮ್ಮೆ ನೋಡಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಅವರು ಕೆಲಸ ಮುಗಿಸಿ, ಊಟ ಮಾಡಿ ಒಂಬತ್ತಕ್ಕೆ ವಿಡಿಯೊ ಕರೆ ಮಾಡಿದರೆ ಇಲ್ಲಿ ಹತ್ತೂವರೆ. ‘ಟೆಸ್ಟ್ ಏನಾಯಿತು?’ ಎಂದು ಆ ಹೊತ್ತಿನಲ್ಲಿ ಕೇಳಿಸಿಕೊಂಡ ಹುಡುಗಿ ಬೇಗ ನಿದ್ದೆ ಮಾಡುವುದಿಲ್ಲ, ಬೆಳಿಗ್ಗೆ ಏಳಕ್ಕೆ ಬಸ್ಸು ಬೇರೆ. ಈ ವಯಸ್ಸಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಎನ್ನುತ್ತಾರೆ ನಿದ್ರಾತಜ್ಞರು. ಶುಕ್ರವಾರ, ಶನಿವಾರ ಸಂಜೆ ನಿಧಾನವಾಗಿ ಮಾತಾಡಲಿ, ಉಳಿದ ದಿನ ಬೇಗ ಮುಗಿಸಲಿ. ಅಂಕದ ಮಾತು ವಾರಕ್ಕೊಮ್ಮೆ ಸಾಕು. ಮಿಕ್ಕ ದಿನ ಅಪ್ಪ ತಾನು ಏನು ತಿಂದೆ, ರೂಮಿನಲ್ಲಿ ಯಾರ ಜೊತೆ ಜಗಳವಾಯಿತು ಎಂದೆಲ್ಲ ಹೇಳಲಿ.

ಅವಳು ವಾರಗಟ್ಟಲೆ ಊಟ ಬಿಡುತ್ತಿದ್ದರೆ, ಗೆಳತಿಯರನ್ನೂ ಇಷ್ಟದ ಹವ್ಯಾಸವನ್ನೂ ದೂರ ಮಾಡಿದ್ದರೆ, ಬದುಕಿ ಏನು ಪ್ರಯೋಜನ ಎಂಬಂಥ ಮಾತು ಬಂದಿದ್ದರೆ ಮೇಲೆ ಬರೆದದ್ದೆಲ್ಲ ಪಕ್ಕಕ್ಕಿಡಿ. 14416 ಸರಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮಣಿಪಾಲದಲ್ಲೂ ಮಂಗಳೂರಿನಲ್ಲೂ ಮನೋವೈದ್ಯರ ಕೊರತೆ ಇಲ್ಲ.

ಅಷ್ಟಿಲ್ಲ, ಬರೀ ಗಣಿತವೇ ಎಂದಾದರೆ ಅವಳ ತಪ್ಪುಗಳ ಪಟ್ಟಿಯನ್ನು ಇಲ್ಲಿ ಹಾಕಿ. ಯಾವ ತರಗತಿಯ ಯಾವ ಪಾಠದಿಂದ ಶುರು ಮಾಡಬೇಕು ಎಂದು ಬರೆಯುತ್ತೇನೆ.