ಎಂಟೂ ಚಿಪ್ ಬದಲಿಸಿದಿರಿ, ಸರಿ. ಕೆಟ್ಟಿದ್ದು ಯಾವುದು?

ನಮಸ್ಕಾರ.

ಕೆಟ್ಟು ಕೂತಿದ್ದ ಕಮೋಡೋರ್ 64 ಕಂಪ್ಯೂಟರ್ ಮತ್ತು ಅದರ 1541 ಡಿಸ್ಕ್ ಡ್ರೈವನ್ನು ರಿಪೇರಿ ಮಾಡಿದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಫೋಟೋಗಳು ಚೆನ್ನಾಗಿವೆ. 1982ರಲ್ಲಿ ಬಂದ ಮಾದರಿಯನ್ನು ಬಿಸಾಡದೆ ಬಿಚ್ಚಿಕೊಂಡು ಕೂತಿರಲ್ಲ, ಅದಕ್ಕೂ ಮೆಚ್ಚುಗೆ. ಆದರೂ ಓದಿ ಮುಗಿಸುವ ಹೊತ್ತಿಗೆ ನನಗೆ ಸಿಟ್ಟು ಬಂದಿತ್ತು. ಯಾಕೆ ಅಂತ ನೇರವಾಗಿ ಹೇಳಿಬಿಡುತ್ತೇನೆ.

ನಿಮ್ಮ ಎರಡನೇ ಪುಟದ ಸಾಲು: "ಪರದೆಯ ಮೇಲೆ ಏನೋ ವಿಚಿತ್ರ ಸಂಖ್ಯೆ ಮೂಡಿತು. ಮೆಮೊರಿ ಕೈಕೊಟ್ಟಿದೆ ಎಂದು ನನ್ನ ಮನಸ್ಸು ಪಿಸುಗುಟ್ಟಿತು."

ಏನೋ ಸಂಖ್ಯೆ ಅಂದ್ರೆ ಯಾವ ಸಂಖ್ಯೆ ಸ್ವಾಮಿ? ಇಡೀ ಲೇಖನದ ಜೀವ ಇದ್ದದ್ದೇ ಅಲ್ಲಿ. ಯಂತ್ರ ಸರಿಯಿದ್ದರೆ ಆನ್ ಮಾಡಿದ ತಕ್ಷಣ 38911 ಬೈಟ್ ಖಾಲಿ ಇದೆ ಅಂತ ತೋರಿಸುತ್ತದೆ. ಅದು ಸುಮ್ನೆ ಅಚ್ಚು ಹಾಕಿಟ್ಟ ಸಂಖ್ಯೆಯಲ್ಲ. ಶುರುವಾಗುವಾಗ ಯಂತ್ರ ಮೆಮೊರಿಯ ಒಂದೊಂದೇ ಜಾಗಕ್ಕೆ ಬರೆದು, ಓದಿ ನೋಡುತ್ತಾ ಹೋಗುತ್ತದೆ. ಬರೆದದ್ದು ವಾಪಸ್ ಬರದ ಕಡೆ ನಿಲ್ಲುತ್ತದೆ. ಬೇಸಿಕ್ ಭಾಷೆಯ ಪ್ರೋಗ್ರಾಂ 2049ನೇ ಜಾಗದಿಂದ ಶುರುವಾಗುವುದರಿಂದ, ಪರದೆಯ ಸಂಖ್ಯೆಗೆ 2049 ಕೂಡಿಸಿದರೆ ಅದು ನಿಂತ ಜಾಗ ಸಿಗುತ್ತದೆ. 17951 ಅಂತ ಬಂದಿದ್ದರೆ ತೊಂದರೆ 20000ನೇ ಜಾಗದಲ್ಲಿ. ಅಲ್ಲಿಗೆ 85 ಪೋಕ್ ಮಾಡಿ (ಅಂದರೆ ಬರೆದು), ಪೀಕ್ ಮಾಡಿ (ಅಂದರೆ ಓದಿ) ನೋಡಿ. 87 ಬಂತು ಅನ್ನಿ. ಎರಡು ಜಾಸ್ತಿ. ಅಂದರೆ ಆ ಜಾಗದ ಎಂಟು ಬಿಟ್‌ಗಳಲ್ಲಿ (ಒಂದೊಂದೂ 0 ಅಥವಾ 1) 2ರ ಬೆಲೆಯದ್ದು ಸದಾ 1ಕ್ಕೇ ಅಂಟಿಕೊಂಡಿದೆ. 85 ಸರಿಯಾಗಿ ಬಂದರೆ ಅದರ 0, 1ಗಳನ್ನು ತಿರುಗಿಸಿದ 170 ಹಾಕಿ ನೋಡಿ, ಕೆಟ್ಟ ಬಿಟ್‌ನ ಬಣ್ಣ ಬಯಲಾಗುತ್ತದೆ. ನೀವು ಫೋಟೋ ಹಾಕಿರುವ ಬೋರ್ಡಿನಲ್ಲಿ 4164 ಮೆಮೊರಿ ಚಿಪ್ ಎಂಟಿವೆ, ಒಂದೊಂದು ಬಿಟ್‌ಗೆ ಒಂದೊಂದು. ಹಾಗಾಗಿ ಕೆಟ್ಟ ಬಿಟ್ ಗೊತ್ತಾದರೆ ಕೆಟ್ಟ ಚಿಪ್ ಗೊತ್ತಾದಂತೆ. ಪರದೆ ಪೂರ್ತಿ ಕಪ್ಪಾಗಿದ್ದರೆ ಈ ದಾರಿ ಮುಚ್ಚಿರುತ್ತದೆ. ನಿಮಗೆ ತೆರೆದೇ ಇತ್ತು!

ಬದಲಿಗೆ ನೀವು ಬರೆದದ್ದು: "ಎಂಟೂ ಚಿಪ್ ಬದಲಿಸಿದೆ, ಯಂತ್ರಕ್ಕೆ ಮರುಜೀವ ಬಂತು." ಓದುಗನಿಗೆ ಇದರಿಂದ ಏನು ಸಿಕ್ಕಿತು?

ನಾನು ಪತ್ರಿಕೆಗೆ ಬರುವ ಮೊದಲು ರಿಪೇರಿ ಬೆಂಚಿನಲ್ಲಿ ಕೆಲಸ ಕಲಿತವನು. ಅಲ್ಲಿದ್ದ ಹಿರಿಯರು ಕಡಿಮೆ ಮಾತಿನವರು. ಯಂತ್ರ ಬಂದ ಕೂಡಲೇ ಅರ್ಧ ಹಾಳೆಯ ಒಂದು ಚೀಟಿ ಕೊಡುತ್ತಿದ್ದರು. ಪರದೆಯಲ್ಲಿ ಏನಿದೆ, ಮೀಟರ್ ಎಷ್ಟು ತೋರಿಸಿತು, ಯಾವ ಚಿಪ್ ಮುಟ್ಟಿದರೆ ಬಿಸಿ, ಎಲ್ಲ ಬರೆಯಬೇಕು. ಚೀಟಿ ತುಂಬುವ ತನಕ ಸೋಲ್ಡರಿಂಗ್ ಐರನ್ ಅವರ ಟೇಬಲ್ ಮೇಲೇ ಇರುತ್ತಿತ್ತು. "ಮೆಮೊರಿ ಹಾಳು" ಅಂತ ಯಾರಾದರೂ ಬರೆದರೆ ಅಷ್ಟನ್ನು ಮಾತ್ರ ಹೊಡೆದು ಹಾಕಿ ಚೀಟಿ ವಾಪಸ್ ಕೊಡುತ್ತಿದ್ದರು. ಲೇಖನ ತಿದ್ದುವಾಗ ನನ್ನ ಕೆಂಪು ಪೆನ್ನು ಈಗಲೂ ಅಂಥ ಕಡೆಯೇ ಹೋಗುತ್ತದೆ, ಅಭ್ಯಾಸ.

ಇನ್ನು ಡ್ರೈವ್. "ಹಠಮಾರಿ ಮಗುವಿನಂತೆ ಅದು ಕಟಕಟ ಎಂದಿತು" ಅಂದಿದ್ದೀರಿ. ಹಠವೂ ಇಲ್ಲ, ಮಗುವೂ ಇಲ್ಲ. 1541ಕ್ಕೆ ತನ್ನ ಹೆಡ್ (ಡಿಸ್ಕ್ ಓದಿ ಬರೆಯುವ ಭಾಗ) ಎಲ್ಲಿದೆ ಅಂತ ಹೇಳುವ ಸೆನ್ಸರ್ ಇಲ್ಲ. ಓದಲು ಆಗದೇ ಹೋದಾಗ, ಫಾರ್ಮ್ಯಾಟ್ ಮಾಡುವಾಗ, ಹೆಡ್ಡನ್ನು ಹೊರತುದಿಯ ತಡೆಗೆ ಬಡಿಸಿ ಅಲ್ಲಿಂದ ಲೆಕ್ಕ ಶುರು ಮಾಡುತ್ತದೆ. ಆ ಸದ್ದು ಅದು. ಪದೇ ಪದೇ ಬಡಿದರೆ ಹೆಡ್ ಜರುಗಿ ಅಲೈನ್‌ಮೆಂಟ್, ಅಂದರೆ ಡಿಸ್ಕಿನ ಟ್ರ್ಯಾಕಿನ ಮೇಲೆ ನೇರ ಕೂರುವುದು, ತಪ್ಪುವುದೂ ಉಂಟು. ಒಂದು ಉಪಮೆಗೋಸ್ಕರ ಇಷ್ಟೆಲ್ಲ ಕೈಬಿಟ್ಟಿರಲ್ಲ!

ಮುಂದಿನ ಸಾಲು: "ಹೆಡ್ ಒರೆಸಿ, ಅಲೈನ್ ಮಾಡಿ, ಹೊಸ ಡಿಸ್ಕ್ ಫಾರ್ಮ್ಯಾಟ್ ಮಾಡಿದೆ, ಓದಿತು." ಮೂರು ಕೆಲಸ, ಒಂದೇ ಉಸಿರು. ಯಾವುದರಿಂದ ಸರಿಹೋಯಿತು ಅಂತ ನಿಮಗೇ ಗೊತ್ತಿಲ್ಲ, ಅಲ್ವಾ? ಅಲೈನ್‌ಮೆಂಟ್ ತಪ್ಪಿದ ಡ್ರೈವ್ ತಾನೇ ಫಾರ್ಮ್ಯಾಟ್ ಮಾಡಿದ ಡಿಸ್ಕನ್ನು ಚೆನ್ನಾಗಿಯೇ ಓದುತ್ತದೆ. ತಕರಾರು ಮಾಡುವುದು ಬೇರೆ ಡ್ರೈವಿನಲ್ಲಿ ಬರೆದ ಡಿಸ್ಕಿಗೆ. ಅಂದಮೇಲೆ ನಿಮ್ಮ ಪರೀಕ್ಷೆಯಿಂದ ಏನೂ ಸಾಬೀತಾಗಿಲ್ಲ. ಕೆಂಪು ದೀಪ ಮಿನುಗಿತು ಅಂತ ಬರೆದಿರಿ. ಆಗ ಡ್ರೈವಿನ ತಪ್ಪು ತಿಳಿಸುವ 15ನೇ ಚಾನೆಲ್ ಓದಿದ್ದರೆ ಡ್ರೈವ್ ತಾನಾಗಿಯೇ ಹೇಳುತ್ತಿತ್ತು: 21 ಬಂದರೆ ಸಿಂಕ್ ಗುರುತೇ (ಡೇಟಾ ಎಲ್ಲಿ ಶುರು ಅಂತ ತೋರಿಸುವುದು) ಸಿಕ್ಕಿಲ್ಲ, 23 ಬಂದರೆ ಡೇಟಾ ಸಿಕ್ಕಿದೆ ಆದರೆ ಚೆಕ್‌ಸಮ್ (ಡೇಟಾ ಸರಿಯಿದೆಯೇ ಅಂತ ನೋಡುವ ಲೆಕ್ಕ) ತಾಳೆಯಾಗಿಲ್ಲ. ಜೊತೆಗೆ ಯಾವ ಟ್ರ್ಯಾಕ್, ಯಾವ ಸೆಕ್ಟರ್ ಅಂತಲೂ ಕೊಡುತ್ತದೆ. ಆ ಸಂಖ್ಯೆಗಳು ನನಗೆ ಬೇಕು.

ಹೊಸ ಚಿಪ್‌ಗಳಿಗೆ ಸಾಕೆಟ್ ಹಾಕಿದ್ದೀರಿ, ಹಳೆಯವನ್ನು ಡಬ್ಬಿಯಲ್ಲಿ ಇಟ್ಟಿದ್ದೀರಿ ಅಂತ ಬರೆದಿದ್ದೀರಿ. ಒಳ್ಳೆಯದಾಯಿತು. ಮೊದಲು ಪವರ್ ಸಪ್ಲೈನ 5 ವೋಲ್ಟ್ ಅಳೆಯಿರಿ, ಅದರ ಮಾತೇ ನಿಮ್ಮ ಲೇಖನದಲ್ಲಿಲ್ಲ. ಹಳೇ ಸಪ್ಲೈನ ರೆಗ್ಯುಲೇಟರ್ ಕೆಟ್ಟರೆ ವೋಲ್ಟೇಜ್ ಏರಿ ಮೆಮೊರಿಯನ್ನೇ ಸುಡುತ್ತದೆ, ಹೊಸ ಚಿಪ್‌ಗಳೂ ಅದೇ ದಾರಿ ಹಿಡಿಯುತ್ತವೆ. ಅದು ಸರಿಯಿದ್ದರೆ ಹಳೇ ಚಿಪ್ ಒಂದೊಂದನ್ನೇ ಸಾಕೆಟ್ಟಿಗೆ ಹಾಕಿ, ಪ್ರತಿ ಸಲ ಪವರ್ ಆಫ್ ಮಾಡಿಯೇ, ಪರದೆಯ ಸಂಖ್ಯೆ ಬರೆದಿಟ್ಟುಕೊಳ್ಳಿ. ಡ್ರೈವಿಗೆ ಬೇರೆಯವರು ಬರೆದ ಡಿಸ್ಕ್ ಕೊಟ್ಟು ನೋಡಿ. ಆಮೇಲೆ ಎರಡನೇ ಪುಟದಿಂದ ಹೊಸದಾಗಿ ಬರೆದು ಕಳಿಸಿ. ಮೊದಲ ಪುಟ ಹಾಗೇ ಇರಲಿ, ಫೋಟೋಗಳನ್ನು ನಾನು ಇಟ್ಟುಕೊಂಡಿದ್ದೇನೆ.

— ಸಂಪಾದಕ