‘ತೆರೆಮರೆಯ ಮಹಾರಾಣಿ’ಯ ಲೇಖಕರಿಗೆ

ಪ್ರಿಯರೇ,

ಚೀನಾದ ರಾಜಮಾತೆ ತ್ಸಿಶಿಯನ್ನು ಕುರಿತು ನೀವು ಕಳುಹಿಸಿದ ‘ತೆರೆಮರೆಯ ಮಹಾರಾಣಿ’ ಲೇಖನವನ್ನು ಎರಡು ಬಾರಿ ಓದಿದೆ. ಭಾಷೆ ಸ್ವಚ್ಛವಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ನನ್ನನ್ನು ಕಾಡಿದ ತೊಡಕು ಶೀರ್ಷಿಕೆಯಿಂದಲೇ ಆರಂಭವಾಗುತ್ತದೆ.

ಕನ್ನಡದಲ್ಲಿ ‘ತೆರೆಮರೆ’ ಎಂದೊಡನೆ ಗುಟ್ಟು, ಒಳಸಂಚು ಎಂಬ ಅರ್ಥ ತಾನಾಗಿ ಬಂದು ಕೂರುತ್ತದೆ. ನಿಮ್ಮ ಮೊದಲ ವಾಕ್ಯ ಆ ನುಡಿಗಟ್ಟಿಗೆ ಸೋತಿದೆ: ‘ಯಾರಿಗೂ ಕಾಣದಂತೆ ತೆರೆಯ ಹಿಂದೆ ಅಡಗಿ ಅವಳು ಸಾಮ್ರಾಜ್ಯವನ್ನು ಆಡಿಸಿದಳು.’ ‘ಅಡಗಿ’ ಎಂಬ ಪದವನ್ನು ದಯವಿಟ್ಟು ಹೊಡೆದುಹಾಕಿ. ಚೀನೀಯರು ಈ ಪದ್ಧತಿಯನ್ನು ‘ಚುಯಿಲಿಯಾನ್ ಟಿಂಗ್‌ಝೆಂಗ್’ ಎಂದು ಕರೆದರು; ತೆರೆ ಇಳಿಬಿಟ್ಟು ರಾಜ್ಯಭಾರದ ಮಾತುಗಳನ್ನು ಆಲಿಸುವುದು ಎಂದು ಅದರ ಅರ್ಥ. ಸಾಂಗ್ ವಂಶದ ರಾಜಮಾತೆ ಲಿಯು 1022ರಿಂದ 1033ರವರೆಗೆ ಹೀಗೆಯೇ ಆಳಿದ್ದಳು. ಪರಪುರುಷರಾದ ಮಂತ್ರಿಗಳ ಮುಂದೆ ಅಂತಃಪುರದ ಮರ್ಯಾದೆ ಉಳಿಯಲೆಂದು ತೆರೆಯಿತ್ತೇ ಹೊರತು, ಅದರಾಚೆ ಕುಳಿತವರು ಯಾರೆಂಬುದು ಎದುರು ಮಂಡಿಯೂರಿದ ಪ್ರತಿಯೊಬ್ಬನಿಗೂ ಗೊತ್ತಿತ್ತು.

1861ರಲ್ಲಿ ತ್ಸಿಶಿಯ ಗಂಡ, ಚಿಂಗ್ ವಂಶದ ಶಿಯಾನ್‌ಫೆಂಗ್ ಚಕ್ರವರ್ತಿ ತೀರಿಕೊಂಡಾಗ ಮಗನಿಗೆ ಐದು ವರ್ಷ. ಹುಡುಗನ ತಾಯಿ ತ್ಸಿಶಿ, ಪಟ್ಟದರಾಣಿ ತ್ಸಿಆನ್ ಎಂಬ ಇಬ್ಬರು ರಾಜಮಾತೆಯರು ತೆರೆಯ ಹಿಂದೆ ಕುಳಿತು ಆಳಲಿ ಎಂದು ಡಾಂಗ್ ಯುವಾನ್‌ಚುನ್ ಎಂಬ ಅಧಿಕಾರಿ ಬಹಿರಂಗವಾಗಿ ಮನವಿ ಬರೆದ. ಬಾಲಕನ ಪರವಾಗಿ ಆಳಲು ನೇಮಕವಾಗಿದ್ದ ಸುಶುನ್ ಮುಂತಾದ ಎಂಟು ಮಂದಿ ರಾಜಪ್ರತಿನಿಧಿಗಳು ಕೆರಳಿ, ನಮ್ಮ ವಂಶದಲ್ಲಿ ಅಂಥ ಸಂಪ್ರದಾಯವೇ ಇಲ್ಲವೆಂದು ವಾದಿಸಿದರು. ಅದೇ ವರ್ಷದ ನವೆಂಬರಿನಲ್ಲಿ ತೀರಿಕೊಂಡ ಚಕ್ರವರ್ತಿಯ ತಮ್ಮ ರಾಜಕುಮಾರ ಗೊಂಗ್‌ನ ನೆರವಿನಿಂದ ಆ ಎಂಟು ಮಂದಿ ಪದಚ್ಯುತರಾದರು, ಸುಶುನ್‌ನ ತಲೆ ಉರುಳಿತು. ತೆರೆಮರೆಯ ಪ್ರಭಾವವೇ ಸಾಕಾಗಿದ್ದರೆ ಇಷ್ಟು ದೊಡ್ಡ ಕಾದಾಟ ಏಕೆ ಬೇಕಿತ್ತು? ರಾಜಮಾತೆಯರಿಗಾಗಿ ಕೇಳಿದ್ದು ಎಲ್ಲರೂ ಒಪ್ಪಬೇಕಾದ ಅಧಿಕೃತ ಸ್ಥಾನವನ್ನು. ನಿಮ್ಮ ಲೇಖನದ ಜೀವಾಳ ಅದಾಗಬೇಕಿತ್ತು.

ಇನ್ನು ಮೂರನೆಯ ಪುಟಕ್ಕೆ ಬನ್ನಿ. ‘ಗಂಡನ ಮುದ್ರೆಯನ್ನು ಕೈವಶ ಮಾಡಿಕೊಂಡಳು’ ಎಂದಿದ್ದೀರಿ. ಮುದ್ರೆಗಳು ಎರಡು, ಎರಡನ್ನೂ ಕೊಟ್ಟವನು ಚಕ್ರವರ್ತಿಯೇ. ‘ಯುಶಾಂಗ್’ ಮುದ್ರೆಯನ್ನು ಪಟ್ಟದರಾಣಿ ತ್ಸಿಆನ್‌ಗೆ ಕೊಟ್ಟ. ‘ಟೊಂಗ್‌ದಾವೊತಾಂಗ್’ ಮುದ್ರೆಯನ್ನು ಮಗನಿಗೆ ಕೊಟ್ಟ, ಅದು ತಾಯಿ ತ್ಸಿಶಿಯ ಕೈಯಲ್ಲಿತ್ತು. ರಾಜಾಜ್ಞೆಯ ಆರಂಭದಲ್ಲಿ ಮೊದಲನೆಯದು, ಕೊನೆಯಲ್ಲಿ ಎರಡನೆಯದು ಬೀಳಬೇಕಿತ್ತು. ಅಂದರೆ ಆಳಿದವರು ಇಬ್ಬರು, ಸ್ಥಾನದಲ್ಲಿ ಹಿರಿಯಳು ತ್ಸಿಆನ್. ಅವಳನ್ನು ನೀವು ‘ಮುಗ್ಧೆ’ ಎಂಬ ಒಂದೇ ಪದದಲ್ಲಿ ಮುಗಿಸಿ, ಮುಂದಿನ ಸಾಲಿನಲ್ಲೇ ‘ಸಿಹಿತಿಂಡಿಯಲ್ಲಿ ವಿಷವಿಟ್ಟು’ ಕೊಲ್ಲಿಸಿದ್ದೀರಿ. 1881ರಲ್ಲಿ ಅವಳು ಹಠಾತ್ತನೆ ತೀರಿಕೊಂಡಳು ಎಂಬುದಷ್ಟೇ ನಿಜ. ವಿಷದ ಮಾತು ಪುರಾವೆಯಿಲ್ಲದ ವದಂತಿ. ವರ್ಷಗಟ್ಟಲೆ ಜೊತೆಯಾಗಿ ಆಳಿದವಳ ಬದುಕಿಗೆ ಒಂದು ಪದ, ಸಾವಿಗೆ ಒಂದು ಪ್ಯಾರಾ. ನನಗೆ ನಿಜವಾಗಿಯೂ ಸಿಟ್ಟು ಬಂದದ್ದು ಇಲ್ಲಿ.

ಈ ತಪ್ಪು ನನಗೆ ಚೆನ್ನಾಗಿ ಗೊತ್ತು. ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ ದಿನಗಳಲ್ಲಿ, 690ರಲ್ಲಿ ತಾನೇ ಚಕ್ರವರ್ತಿಯಾಗಿ ಪಟ್ಟವೇರಿದ ವು ಝೆಟಿಯಾನ್ ಬಗ್ಗೆ ಬರೆದಿದ್ದೆ. ಅವಳು ಸ್ವಂತ ಹಸುಗೂಸನ್ನು ಉಸಿರುಗಟ್ಟಿಸಿ ಕೊಂದ ದೃಶ್ಯವನ್ನು ದೀಪ, ತೊಟ್ಟಿಲು, ನಡುಗುವ ಕೈಗಳ ಸಮೇತ ವರ್ಣಿಸಿದ್ದೆ. ಹಿರಿಯ ಸಂಪಾದಕರು ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ‘ಕಂಡವರು ಯಾರು?’ ಎಂದು ಗೀಚಿದ್ದರು. ಹುಡುಕಿದರೆ, ಆ ವಿವರ ಮಗು ಸತ್ತು ನಾಲ್ಕು ಶತಮಾನಗಳಾದ ಮೇಲೆ ಬರೆದ ಇತಿಹಾಸದಿಂದ ಬಂದಿತ್ತು. ಅಂದು ಸಂಜೆ ಕಚೇರಿಯ ಕಿಟಕಿಯ ಬಳಿ ಕುಳಿತು ಆ ಇಡೀ ಪುಟವನ್ನು ಕತ್ತರಿಸುವಾಗ ಕಣ್ಣು ತುಂಬಿತ್ತು. ಉಳಿದ ಪುಟಗಳಲ್ಲಿ ಅವಳ ಆಡಳಿತದ ಬಗ್ಗೆ ಒಂದು ಸಾಲೂ ಇಲ್ಲವೆಂಬುದು ಆಮೇಲೆ ಕಂಡಿತು.

ವಿಷದ ಪ್ಯಾರಾ ತೆಗೆದುಹಾಕಿ, ಆ ಜಾಗವನ್ನು ತ್ಸಿಆನ್‌ಗೆ ಕೊಡಿ. 1869ರಲ್ಲಿ ತ್ಸಿಶಿಯ ಅಚ್ಚುಮೆಚ್ಚಿನ ಷಂಡ ಸೇವಕ ಆನ್ ದೆಹಾಯ್, ರಾಜಧಾನಿ ಬಿಟ್ಟು ಹೋಗಬಾರದೆಂಬ ನಿಯಮ ಮುರಿದು ಶಾಂಡಾಂಗ್ ಪ್ರಾಂತ್ಯದಲ್ಲಿ ಸಿಕ್ಕಿಬಿದ್ದಾಗ ಅವನ ಶಿರಚ್ಛೇದವಾಯಿತು. ಆ ಪ್ರಸಂಗದಲ್ಲಿ ತ್ಸಿಆನ್ ವಹಿಸಿದಳೆನ್ನಲಾದ ಪಾತ್ರವನ್ನು ಪರಿಶೀಲಿಸಿ ಬರೆಯಿರಿ. ಶೀರ್ಷಿಕೆಗೆ ‘ಎರಡು ಮುದ್ರೆಗಳು’ ಎಂದರೆ ಸಾಕು. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳುಹಿಸಿ.