ಗೊರ್ರ್, ಟಿಕ್ ಟಿಕ್, ಸುಯ್ಯ್: ಹ್ಯಾಮ್ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಹ್ಯಾಮ್‌ಗಳಿಂದ, ಅಂದ್ರೆ ಹವ್ಯಾಸಿ ರೇಡಿಯೋದವರಿಂದ, ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಗೋಳು. ರಿಗ್ (ರೇಡಿಯೋ ಸೆಟ್ಟು) ಚೆನ್ನಾಗಿದೆ, ಆಂಟೆನಾ ಚೆನ್ನಾಗಿದೆ, ಆದ್ರೆ ಏನೂ ಕೇಳಿಸ್ತಿಲ್ಲ ಬರೀ ಗೊರ್ರ್ ಅಂತಿದೆ. ಆದ್ರಿಂದ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇವತ್ತು ಪೂರ್ತಿ ಈ ಗೊರ್ರ್ ಅನ್ನೋ ನಾಯ್ಸ್ ವಿಚಾರಾನೇ ಮಾತಾಡೋಣ.

ಪ್ರಶ್ನೆ: ಮೊದ್ಲು 40 ಮೀಟರ್ ಬ್ಯಾಂಡಲ್ಲಿ ಎಸ್ ಮೀಟರ್ (ಸಿಗ್ನಲ್ ಬಲ ತೋರಿಸೋ ಮೀಟರ್) ಪ್ರಕಾರ ನಾಯ್ಸ್ ಎಸ್3 ಇರ್ತಿತ್ತು, ಎರಡು ತಿಂಗಳಿಂದ ಎಸ್8ಗೆ ಹೋಗಿ ಕೂತಿದೆ, ಹಗಲು ರಾತ್ರಿ ಅಂತಿಲ್ಲ. ಮನೆ ಎದುರು ಕರೆಂಟ್ ಕಂಬ ಇದೆ, ಅದರದ್ದೇ ಅಂತ ನನಗೆ ಗ್ಯಾರಂಟಿ. ಕಂಪ್ಲೇಂಟ್ ಹೇಗೆ ಬರೀಬೇಕು?

ಉತ್ತರ: ಕಂಪ್ಲೇಂಟ್ ಆಮೇಲೆ ಬರೆಯೋಣ, ಮೊದ್ಲು ನಿಮ್ಮ ಮನೆ ಮೇನ್ ಸ್ವಿಚ್ ಆಫ್ ಮಾಡಿ. ತಮಾಷೆ ಅಲ್ಲ. ರಿಗ್‌ನ 12 ವೋಲ್ಟ್ ಬ್ಯಾಟರಿಗೆ ಹಾಕಿ, ಅದೇ ಫ್ರೀಕ್ವೆನ್ಸಿಲಿ ಬಿಟ್ಟು, ಹೆಡ್‌ಫೋನ್ ಹಾಕ್ಕೊಂಡು ಕೂತ್ಕೊಳ್ಳಿ, ಮನೇಲಿ ಇನ್ನೊಬ್ರಿಗೆ ಮೇನ್ ಇಳಿಸಕ್ಕೆ ಹೇಳಿ. ನಾಯ್ಸ್ ದೊಪ್ ಅಂತ ಬಿದ್ರೆ ಕಂಬ ಪಾಪ ಏನೂ ತಪ್ಪು ಮಾಡಿಲ್ಲ. ಎಸ್3 ಇದ್ದಿದ್ದು ಎಸ್8 ಆಗಿದೆ ಅಂದ್ರೆ ಐದು ಎಸ್ ಯೂನಿಟ್, ಒಂದೊಂದಕ್ಕೆ 6 ಡಿಬಿ (ಡೆಸಿಬೆಲ್) ಹಿಡಿದ್ರೆ 30 ಡಿಬಿ, ಪವರ್ ಲೆಕ್ಕದಲ್ಲಿ ಸಾವಿರ ಪಟ್ಟು. ಇಷ್ಟೊಂದು ಏರಿದೆ ಅಂದ್ರೆ ಸಾಮಾನ್ಯವಾಗಿ ಮೂಲ ತುಂಬಾ ಹತ್ರದಲ್ಲೇ ಇರತ್ತೆ, ನಿಮ್ಮ ಮನೆ ಒಳಗೆ ಇಲ್ಲಾಂದ್ರೆ ಪಕ್ಕದ ಮನೇಲಿ.

ಇಲ್ಲಿ ನನ್ನ ಮರ್ಯಾದೆ ಹೋದ ಕಥೆ ಹೇಳ್ಬೇಕು. ನಾನೂ ಹೀಗೇ ಮೇನ್ ಆಫ್ ಮಾಡಿ ನೋಡ್ದೆ, ನಾಯ್ಸ್ ಒಂಚೂರೂ ಇಳೀಲಿಲ್ಲ. ಹಾಗಾದ್ರೆ ಹೊರಗಿಂದೇ ಅಂತ ತೀರ್ಮಾನ ಮಾಡಿ ಪೋರ್ಟಬಲ್ ರೇಡಿಯೋ ಹಿಡ್ಕೊಂಡು ಮೂರು ವಾರ ಬೀದಿ ಬೀದಿ ಸುತ್ತಿದೆ, ಕಂಡ ಕಂಡ ಕಂಬಗಳನ್ನೆಲ್ಲ ಅನುಮಾನದಿಂದ ನೋಡಿದೆ. ಕೊನೆಗೆ ಸಿಕ್ಕಿದ್ದು ವೈಫೈ ರೂಟರ್ ಹಿಂದೆ ಸಿಗಿಸಿದ್ದ ಪುಟಾಣಿ ಯುಪಿಎಸ್! ಕರೆಂಟ್ ಹೋದ ತಕ್ಷಣ ಅದು ತನ್ನ ಬ್ಯಾಟರಿ ಮೇಲೆ ನಿಂತು ಇನ್ನೂ ಜೋರಾಗಿ ಕೆಲಸ ಮಾಡ್ತಿತ್ತು, ನಾನು ಮೇನ್ ಆಫ್ ಮಾಡಿದ್ದೀನಿ ಅನ್ನೋ ಧೈರ್ಯದಲ್ಲಿ ಊರೆಲ್ಲ ಹುಡುಕ್ತಿದ್ದೆ. ಕಂಕುಳಲ್ಲಿ ಮಗು ಇಟ್ಕೊಂಡು ಅಂತಾರಲ್ಲ, ಅದೇ. ಅದಕ್ಕೇ ಮೇನ್ ಇಳಿಸೋ ಮುಂಚೆ ಯುಪಿಎಸ್, ಇನ್ವರ್ಟರ್, ಬ್ಯಾಟರಿ ಮೇಲೆ ಓಡ್ತಿರೋ ಲ್ಯಾಪ್‌ಟಾಪ್, ಸೋಲಾರ್ ಲೈಟು ಇವನ್ನೆಲ್ಲ ಒಂದೊಂದಾಗಿ ಕೈಯಾರೆ ಆಫ್ ಮಾಡಿ.

ನಾಯ್ಸ್ ಬಿತ್ತಾ? ಈಗ ಒಂದೊಂದೇ ಎಂಸಿಬಿ ಎತ್ತುತ್ತಾ ಬನ್ನಿ, ಯಾವುದು ಎತ್ತಿದಾಗ ಗೊರ್ರ್ ಅಂತು ಅನ್ನೋದನ್ನ ಬರ್ಕೊಳ್ಳಿ, ಆ ಲೈನಲ್ಲಿರೋ ಒಂದೊಂದು ಪ್ಲಗ್ ಕಿತ್ತು ನೋಡಿ. ಸ್ವಿಚ್ ಆಫ್ ಮಾಡಿದ್ರೆ ಸಾಲ್ದು, ಪ್ಲಗ್ಗೇ ಕೀಳ್ಬೇಕು, ಯಾಕಂದ್ರೆ ರಿಮೋಟಲ್ಲಿ ಆಫ್ ಮಾಡಿದ ಟಿವಿ ಒಳಗೂ ಸಪ್ಲೈ ಓಡ್ತಾನೇ ಇರತ್ತೆ.

ಕಿವೀನೂ ಉಪಯೋಗಿಸಿ, ಶಬ್ದಕ್ಕೆ ಶಬ್ದಕ್ಕೆ ವ್ಯತ್ಯಾಸ ಇದೆ. ಅಡಾಪ್ಟರ್, ಚಾರ್ಜರ್, ಎಲ್ಇಡಿ ಬಲ್ಬ್ ಡ್ರೈವರ್ ಇವೆಲ್ಲ ಸ್ವಿಚಿಂಗ್ ಸಪ್ಲೈಗಳು, ಅಂದ್ರೆ ಕರೆಂಟನ್ನ ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಮಾಡಿ ವೋಲ್ಟೇಜ್ ಬದಲಿಸೋವು. ಡಯಲ್ ತಿರುಗಿಸ್ತಾ ಹೋದ್ರೆ ಅರವತ್ತೋ ಎಪ್ಪತ್ತೋ ಕಿಲೋಹರ್ಟ್ಸ್‌ಗೆ ಒಂದ್ಸಲ ಜೊಯ್ಯ್ ಅನ್ನೋ ಗುಡ್ಡ ಬರತ್ತೆ, ಆಮೇಲೆ ಇಳಿಯತ್ತೆ, ಮತ್ತೆ ಬರತ್ತೆ, ಅಡಾಪ್ಟರ್ ಬಿಸಿ ಆದ ಹಾಗೆ ಗುಡ್ಡಗಳು ಮೆಲ್ಲಗೆ ಜಾಗ ಬದಲಿಸ್ತವೆ, ವಾಟರ್‌ಫಾಲಲ್ಲಿ (ಸಿಗ್ನಲ್‌ಗಳನ್ನ ಚಿತ್ರವಾಗಿ ತೋರಿಸೋ ಪರದೆ) ಕಣ್ಣಿಗೇ ಕಾಣತ್ತೆ. ಸೂರ್ಯ ಹುಟ್ಟಿದ ಮೇಲೆ ಶುರುವಾಗಿ ಮುಳುಗಿದ ಮೇಲೆ ನಿಂತ್ರೆ ಯಾರದೋ ಚಾವಣಿ ಮೇಲಿನ ಸೋಲಾರ್ ಇನ್ವರ್ಟರ್. ಸೆಕೆಂಡಿಗೆ ಒಂದರ ಹಾಗೆ ಟಿಕ್, ಟಿಕ್ ಅಂದ್ರೆ ಎಲೆಕ್ಟ್ರಿಕ್ ಬೇಲಿ. ಹೊತ್ತುಗೊತ್ತಿಲ್ಲದೆ ಅರ್ಧ ನಿಮಿಷ ಚರಚರ ಅಂದು ಸುಮ್ಮನಾದ್ರೆ ಸವೆದ ಥರ್ಮೋಸ್ಟಾಟು, ಮೀನಿನ ತೊಟ್ಟಿ ಹೀಟರಲ್ಲಿ ಇದು ಮಾಮೂಲಿ.

ಇಷ್ಟೆಲ್ಲ ಆದ್ಮೇಲೂ ನಾಯ್ಸ್ ಉಳಿದಿದ್ರೆ ಆಗ ಕಂಬದ ಕಡೆ ತಿರುಗೋಣ. ಸಡಿಲ ಆದ ಬೋಲ್ಟು, ಸೀಳು ಬಿಟ್ಟ ಇನ್ಸುಲೇಟರ್ ಇಂಥ ಕಡೆ ಸಣ್ಣ ಕಿಡಿ ಹಾರ್ತಾ ಇದ್ರೆ 50 ಹರ್ಟ್ಸ್ ಸಪ್ಲೈ ಇರೋ ಕಡೆ 100 ಹರ್ಟ್ಸ್ ಗುಂಯ್‌ಗಾಟ ಬರತ್ತೆ, ಬ್ಯಾಂಡಿಂದ ಬ್ಯಾಂಡಿಗೆ ಹೋದ್ರೂ ಅದೇ ರಾಗ. ಒಂದು ಸುಳಿವು ಹೇಳ್ತೀನಿ, ಒಣ ಹವೆ, ಗಾಳಿ ಇದ್ದಾಗ ಜೋರಾಗಿದ್ದು ಮಳೆ ಬಿದ್ದ ತಕ್ಷಣ ಮಾಯ ಆದ್ರೆ ಮುಕ್ಕಾಲು ಪಾಲು ಲೈನಿನದ್ದೇ, ನೀರು ಆ ಸಂದು ಮುಚ್ಚಿಬಿಡತ್ತೆ. ಹುಡುಕಕ್ಕೆ ಸಾಧಾರಣ ಎಎಂ ರೇಡಿಯೋ ಸಾಕು, ಒಳಗೆ ಆಂಟೆನಾ ಆಗಿರೋ ಫೆರೈಟ್ ಕಡ್ಡಿ ತುದಿ ಮೂಲದ ಕಡೆ ತಿರುಗಿದಾಗ ಶಬ್ದ ತಗ್ಗತ್ತೆ, ಆ ತಗ್ಗೋ ದಿಕ್ಕನ್ನ ಎರಡು ಮೂರು ಜಾಗದಿಂದ ನೋಡ್ಕೊಂಡು ಗೆರೆ ಎಳೀರಿ. ಆದ್ರೆ ಹತ್ರ ಹೋದ ಮೇಲೆ ಎಎಂ ಮೋಸ ಮಾಡತ್ತೆ, ತಂತಿ ಉದ್ದಕ್ಕೂ ನಾಯ್ಸ್ ಹರಡಿರೋದ್ರಿಂದ ಪ್ರತಿ ಕಂಬನೂ ಕಳ್ಳನ ಥರಾನೇ ಕಾಣತ್ತೆ. ಆಗ ಮೇಲಿನ ಫ್ರೀಕ್ವೆನ್ಸಿಗೆ ಹೋಗ್ಬೇಕು, ವಿಮಾನದ ಬ್ಯಾಂಡ್ ಎಎಂ ಮೋಡಲ್ಲಿ ಕೇಳೋ ಹ್ಯಾಂಡಿ (ಕೈಯಲ್ಲಿ ಹಿಡಿಯೋ ರೇಡಿಯೋ) ಇದ್ರೆ ತುಂಬಾ ಅನುಕೂಲ, ಅಷ್ಟು ಮೇಲೆ ಕೇಳಿಸ್ತಿದೆ ಅಂದ್ರೆ ನೀವು ಮೂಲದ ಬುಡದಲ್ಲೇ ಇದ್ದೀರ. ಕಂಬ ಅಲ್ಲಾಡಿಸೋದು, ಕೋಲಲ್ಲಿ ಹೊಡೆಯೋದು ಯಾವ ಕಾರಣಕ್ಕೂ ಬೇಡ, ಜೀವಕ್ಕೇ ಅಪಾಯ. ಕಂಬದ ನಂಬರ್, ನಾಯ್ಸ್ ಬರೋ ಹೊತ್ತು, ರೆಕಾರ್ಡ್ ಮಾಡಿದ ಆಡಿಯೋ ಇಷ್ಟು ಹಾಕಿ ವಿದ್ಯುತ್ ಕಂಪನಿಗೆ ಬರೀರಿ. ರೇಡಿಯೋ ಕೇಳಿಸ್ತಿಲ್ಲ ಅಂತ ಬರೆಯೋದಕ್ಕಿಂತ ಈ ನಂಬರಿನ ಕಂಬದಲ್ಲಿ ಕಿಡಿ ಹಾರ್ತಿರೋ ಲಕ್ಷಣ ಇದೆ ಅಂತ ಬರೆದ್ರೆ ಬೇಗ ಬರ್ತಾರೆ.

ಪ್ರಶ್ನೆ: ದೂರದ ಸ್ಟೇಷನ್ ಕೇಳ್ಲಿ ಅಂತ ಪ್ರಿಆಂಪ್ (ಬರೋ ಸಿಗ್ನಲ್ ದೊಡ್ಡದು ಮಾಡೋ ಆಂಪ್ಲಿಫೈಯರ್) ಆನ್ ಮಾಡಿದ್ರೆ ಎಸ್ ಮೀಟರ್ ಎಸ್9 ದಾಟತ್ತೆ, ಆದ್ರೂ ಮಾತು ಅರ್ಥ ಆಗಲ್ಲ. ಇನ್ನೊಂದು ಪ್ರಿಆಂಪ್ ಹಾಕ್ಲಾ?

ಉತ್ತರ: ಅಯ್ಯೋ ಬೇಡ, ಇರೋದನ್ನೇ ಆಫ್ ಮಾಡಿ. ಪ್ರಿಆಂಪ್‌ಗೆ ಯಾವುದು ಮಾತು ಯಾವುದು ಗಲಾಟೆ ಅಂತ ಗೊತ್ತಿಲ್ಲ, ಎರಡನ್ನೂ ಒಟ್ಟಿಗೇ ಎತ್ತಿ ಕೊಡತ್ತೆ. ಮೀಟರ್ ಮುಳ್ಳು ಎಷ್ಟು ಮೇಲೆ ಹೋಯ್ತು ಅನ್ನೋದು ಮುಖ್ಯ ಅಲ್ಲ, ಸಿಗ್ನಲ್ಲು ನಾಯ್ಸಿಗಿಂತ ಎಷ್ಟು ಮೇಲಿದೆ ಅನ್ನೋದಷ್ಟೇ ಲೆಕ್ಕ. ಎಚ್‌ಎಫ್‌ನಲ್ಲಿ (ಶಾರ್ಟ್‌ವೇವಲ್ಲಿ) ಎಸ್9 ಅಂದ್ರೆ 50 ಮೈಕ್ರೋವೋಲ್ಟ್, ನಾಯ್ಸೇ ಅಲ್ಲಿಗೆ ಹೋಗಿ ಕೂತಿದ್ರೆ ಎಸ್5ರಲ್ಲಿ ಬರೋ ಮನುಷ್ಯ ಅದರ ಅಡಿಯಲ್ಲಿ ಹೂತುಹೋಗಿರ್ತಾನೆ.

ನಿಮ್ಮ ರಿಸೀವರ್‌ಗೆ ಸೂಕ್ಷ್ಮತೆ ಸಾಕಾ ಅಂತ ನೋಡೋದು ತುಂಬಾ ಸುಲಭ. ಪ್ರಿಆಂಪ್ ಆಫ್, ಖಾಲಿ ಫ್ರೀಕ್ವೆನ್ಸಿ, ಆಂಟೆನಾ ಕೇಬಲ್ ಬಿಚ್ಚಿ, ಮತ್ತೆ ಹಾಕಿ. ಹಾಕಿದಾಗ ಸುಯ್ ಅನ್ನೋದು ಚೆನ್ನಾಗಿ ಜಾಸ್ತಿ ಆಯ್ತು ಅಂದ್ರೆ ರಿಸೀವರ್ ತನ್ನ ಸ್ವಂತ ನಾಯ್ಸಿಗಿಂತ ಹೊರಗಿನ ನಾಯ್ಸ್ ಕೇಳ್ತಿದೆ, ಇನ್ನು ಮೇಲೆ ಗೇನ್ (ಸಿಗ್ನಲ್ ಎತ್ತೋ ಪ್ರಮಾಣ) ಏರಿಸಿ ಉಪಯೋಗ ಇಲ್ಲ. 10 ಮೆಗಾಹರ್ಟ್ಸ್ ಕೆಳಗೆ ಒಳ್ಳೆ ಆಂಟೆನಾ ಇದ್ರೆ ಪ್ರಿಆಂಪ್ ಬೇಕಾಗೋದೇ ಅಪರೂಪ. ಬದಲಿಗೆ ಸಿಗ್ನಲ್ ತಗ್ಗಿಸೋ ಅಟೆನುಯೇಟರ್ ಹಾಕಿ, ಆರ್‌ಎಫ್ ಗೇನ್ ಮೆಲ್ಲಗೆ ಇಳಿಸಿ, ಮಾತಿನ ಮಧ್ಯದ ಗ್ಯಾಪಲ್ಲಿ ನಾಯ್ಸ್ ಎದ್ದು ನುಗ್ಗೋದು ನಿಲ್ಲತ್ತೆ, ಕಿವಿಗೆ ಸುಸ್ತು ಕಡಿಮೆ. ಮೋರ್ಸ್ ಮಾಡೋರಾದ್ರೆ ಫಿಲ್ಟರ್ 2.4 ಕಿಲೋಹರ್ಟ್ಸ್ ಇರೋದನ್ನ 500 ಹರ್ಟ್ಸ್ ಮಾಡಿ, ಪುಕ್ಕಟೆ ಹತ್ರಹತ್ರ 7 ಡಿಬಿ ಲಾಭ.

ಪ್ರಶ್ನೆ: ಎನ್‌ಬಿ (ನಾಯ್ಸ್ ಬ್ಲ್ಯಾಂಕರ್), ಎನ್‌ಆರ್ (ನಾಯ್ಸ್ ರಿಡಕ್ಷನ್) ಎರಡೂ ಬಟನ್ ಒತ್ತಿದ್ರೂ ನಾಯ್ಸ್ ಹೋಗಲ್ಲ, ರಿಗ್ ಕೆಟ್ಟಿದ್ಯಾ?

ಉತ್ತರ: ಕೆಟ್ಟಿಲ್ಲ. ಎನ್‌ಬಿ ಅನ್ನೋದು ಬೇಲಿಯ ಟಿಕ್ ಟಿಕ್, ಗಾಡಿ ಇಗ್ನಿಷನ್ ಥರದ ಚೂಪು ಪಲ್ಸ್ ಬಂದ ಕ್ಷಣಕ್ಕೆ ಮಾತ್ರ ರಿಸೀವರ್ ಬಾಯಿ ಮುಚ್ಚಿಸೋದು, ಉದ್ದಕ್ಕೂ ಸುಯ್ ಅನ್ನೋದಕ್ಕೆ ಅದ್ರ ಹತ್ರ ಮದ್ದಿಲ್ಲ. ಅದಕ್ಕೆ ಎನ್‌ಆರ್ ಇದೆ, ಆದ್ರೆ ಜಾಸ್ತಿ ತಿರುಗಿಸಿದ್ರೆ ಮಾತು ಬಕೆಟ್ ಒಳಗಿಂದ ಬಂದ ಹಾಗೆ ಆಗತ್ತೆ. ಪಕ್ಕದಲ್ಲಿ ಜೋರು ಸ್ಟೇಷನ್ ಇದ್ದಾಗ ಎನ್‌ಬಿ ಆನ್ ಇಟ್ರೆ ಅದು ಆ ಸ್ಟೇಷನ್ನನ್ನೇ ಪಲ್ಸ್ ಅಂದ್ಕೊಂಡು ಬ್ಯಾಂಡೆಲ್ಲ ಒಡೆದು ಹಾಕತ್ತೆ, ಎಷ್ಟೋ ಜನ ಆಗ ಪಕ್ಕದೋನ ಸಿಗ್ನಲ್ ಹರಡಿಕೊಂಡಿದೆ ಅಂತ ಜಗಳಕ್ಕೆ ಹೋಗ್ತಾರೆ. ಬೈಯ್ಯೋ ಮುಂಚೆ ನಿಮ್ಮ ಎನ್‌ಬಿ ಆಫ್ ಮಾಡಿ ನೋಡಿ.

ಪ್ರಶ್ನೆ: ನಾಯ್ಸ್ ತಡೀಲಿ ಅಂತ ಕೋಯಾಕ್ಸ್ (ಆಂಟೆನಾ ಕೇಬಲ್) ಮೇಲೆ ಎರಡು ಫೆರೈಟ್ ಕ್ಲಿಪ್ (ಕಾಂತೀಯ ವಸ್ತುವಿನ ಕಪ್ಪು ಬಳೆ) ಹಾಕಿದೆ, ಏನೂ ಫರಕ್ ಇಲ್ಲ. ಇದೆಲ್ಲ ಬರೀ ನಂಬಿಕೇನಾ?

ಉತ್ತರ: ನಂಬಿಕೆ ಅಲ್ಲ, ನೀವು ಹಾಕಿದ್ದು ಕಡಿಮೆ ಆಯ್ತು. ಮೊದ್ಲು ಏನಾಗ್ತಿದೆ ಅಂತ ನೋಡಿ. ಕೋಯಾಕ್ಸ್ ಒಳಗಡೆ ಸಿಗ್ನಲ್ ಹೋಗೋದು ಸರಿ, ಆದ್ರೆ ಶೀಲ್ಡಿನ (ಒಳಗಿನ ತಂತಿ ಸುತ್ತ ಇರೋ ತಾಮ್ರದ ಜಾಲರಿ) ಹೊರ ಮೈ ಇದೆಯಲ್ಲ ಅದು ಬೇರೇನೇ ಒಂದು ತಂತಿ ಥರ ಕೆಲಸ ಮಾಡತ್ತೆ. ಮನೆ ವೈರಿಂಗಲ್ಲಿ, ಕಂಪ್ಯೂಟರ್ ಯುಎಸ್‌ಬಿ ಕೇಬಲಲ್ಲಿ ಓಡಾಡೋ ಕಚಡಾ ಎಲ್ಲ ರಿಗ್‌ನ ಲೋಹದ ಪೆಟ್ಟಿಗೆಗೆ ಬಂದು, ಆ ಹೊರ ಮೈ ಹಿಡ್ಕೊಂಡು ಆಂಟೆನಾ ತನಕ ಏರಿ, ಅಲ್ಲಿಂದ ಒಳಗೆ ಇಳ್ಕೊಂಡು ವಾಪಸ್ ರಿಸೀವರ್‌ಗೆ ಬರತ್ತೆ. ಕಾಮನ್ ಮೋಡ್ ಅಂತಾರಲ್ಲ ಅದು ಇದೇ. ಎಷ್ಟೋ ಮನೆಗಳಲ್ಲಿ ನಾಯ್ಸ್ ಬರೋದು ಗಾಳಿಯಿಂದ ಅಲ್ಲ, ಈ ಹಿಂಬಾಗಿಲಿಂದ.

ಒಂದು ಕ್ಲಿಪ್ ಒಳಗಿಂದ ಕೇಬಲ್ ಒಂದ್ಸಲ ಹಾದ್ರೆ ಎಚ್‌ಎಫ್‌ನಲ್ಲಿ ಸಿಗೋ ಅಡ್ಡಿ ಬರೀ ಕೆಲವು ಹತ್ತು ಓಮ್. ಆದ್ರೆ ಅದೇ ಕೋರ್ ಒಳಗೆ ಸುತ್ತು ಹಾಕಿದ್ರೆ ಲೆಕ್ಕ ಸುತ್ತಿನ ವರ್ಗದಲ್ಲಿ ಏರತ್ತೆ, ಮೂರು ಸುತ್ತಿಗೆ ಸುಮಾರು ಒಂಬತ್ತು ಪಟ್ಟು. ಅದಕ್ಕೇ 31 ಮಿಕ್ಸಿನ (ಮಿಕ್ಸ್ ಅಂದ್ರೆ ಫೆರೈಟ್ ವಸ್ತುವಿನ ಬಗೆ) 2.4 ಇಂಚು ರಿಂಗ್ ತಗೊಂಡು ತೆಳ್ಳನೆ ಕೋಯಾಕ್ಸಲ್ಲಿ ಹತ್ತು ಹನ್ನೆರಡು ಸುತ್ತು ಹಾಕಿ, ಒಂದು ಆಂಟೆನಾ ಫೀಡ್ ಪಾಯಿಂಟಲ್ಲಿ (ಕೇಬಲ್ ಆಂಟೆನಾಗೆ ಸೇರೋ ಜಾಗ), ಇನ್ನೊಂದು ಕೇಬಲ್ ರೂಮಿಗೆ ಬರೋ ಜಾಗದಲ್ಲಿ. ಮಿಕ್ಸ್ ನಂಬರ್ ಮುಖ್ಯ, ನೋಡಕ್ಕೆ ಎಲ್ಲ ಕಪ್ಪು ಬಳೇನೇ, ಹಳೇ ಮಾನಿಟರ್ ಕೇಬಲಿಂದ ಕಿತ್ತ ಉಂಡೆ ಯಾವ ಮಿಕ್ಸೋ ಯಾರಿಗ್ಗೊತ್ತು. ಗಲಾಟೆ ಮಾಡೋ ಅಡಾಪ್ಟರ್ ಗೊತ್ತಾಗಿದ್ರೆ ಅದರ ವೈರನ್ನೂ ಹೀಗೇ ಸುತ್ತಿ, ಹುಟ್ಟೋ ಜಾಗದಲ್ಲೇ ತಡೆಯೋದು ಯಾವತ್ತೂ ಸುಲಭ. ನನ್ನ ಕೇಳಿದ್ರೆ ರಿಗ್ ಬದಲಾಯಿಸೋಕೆ ಮುಂಚೆ ಈ ಕೆಲಸ ಮಾಡಿ, ಬೇಜಾರಿನ ಕೆಲಸ, ಆದ್ರೆ ನನಗೆ ಎರಡು ಎಸ್ ಯೂನಿಟ್ ಉಳಿಸಿದ್ದು ಇದೇ.

ಪ್ರಶ್ನೆ: ನೆಟ್ಟಗೆ ನಿಲ್ಲಿಸೋ ವರ್ಟಿಕಲ್ ಆಂಟೆನಾದಲ್ಲಿ ನಾಯ್ಸ್ ಜಾಸ್ತಿ, ಅಡ್ಡ ಕಟ್ಟೋ ಡೈಪೋಲಲ್ಲಿ ಕಡಿಮೆ ಅಂತಾರೆ, ನಿಜಾನಾ?

ಉತ್ತರ: ಬಹಳ ಸಲ ನಿಜ, ಅಕ್ಕಪಕ್ಕದಿಂದ ನೆಲ ಹಿಡ್ಕೊಂಡು ಬರೋ ಗಲಾಟೆ ಹೆಚ್ಚಾಗಿ ನೆಟ್ಟಗಿನ ಪೋಲರೈಸೇಷನಲ್ಲೇ (ಅಲೆ ಮೇಲೆ ಕೆಳಗೆ ಆಡೋ ರೀತಿ) ಉಳ್ಕೊಳ್ಳತ್ತೆ. ವರ್ಟಿಕಲ್ ಕೀಳ್ಬೇಡಿ, ಟ್ರಾನ್ಸ್‌ಮಿಟ್‌ಗೆ ಅದೇ ಇರ್ಲಿ. ಕೇಳಕ್ಕೆ ಮಾತ್ರ ಮನೆಯಿಂದ ಆದಷ್ಟು ದೂರ ಒಂದು ಸಣ್ಣ ಲೂಪ್ ಇಟ್ಟು ನಾಯ್ಸ್ ತಗ್ಗೋ ಕಡೆ ತಿರುಗಿಸಿ. ಸಿಗ್ನಲ್ಲೂ ಕಡಿಮೆ ಆಗತ್ತೆ, ಹೆದರ್ಬೇಡಿ, ನಾಯ್ಸ್ ಅದಕ್ಕಿಂತ ಜಾಸ್ತಿ ಕಡಿಮೆ ಆದ್ರೆ ನೀವೇ ಗೆದ್ರಿ.

ಪ್ರಶ್ನೆ: ಹ್ಯಾಂಡಿಯ ರಬ್ಬರ್ ಆಂಟೆನಾದಲ್ಲಿ ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ದೂರಕ್ಕೆ ಕಳಿಸೋ ಸ್ಟೇಷನ್) ಚೆನ್ನಾಗಿ ಬರ್ತಿತ್ತು, ಮಹಡಿ ಮೇಲೆ ದೊಡ್ಡ ಆಂಟೆನಾ ಹಾಕಿದ ಮೇಲೆ ಕಿವುಡಾಗಿದೆ!

ಉತ್ತರ: ದೊಡ್ಡ ಆಂಟೆನಾ ಎಫ್‌ಎಂ ಪ್ರಸಾರ, ಅದೂ ಇದೂ ಎಲ್ಲಾನೂ ತಂದು ಹ್ಯಾಂಡಿ ಬಾಯಿಗೆ ತುರುಕ್ತಿದೆ, ಅಗ್ಗದ ಹ್ಯಾಂಡಿಗಳ ಮುಂಭಾಗ ಅಷ್ಟನ್ನ ತಡ್ಕೊಳ್ಳಲ್ಲ. ಎಫ್‌ಎಂ ಪ್ರಸಾರದ ಬ್ಯಾಂಡ್ ತಡೆಯೋ ಒಂದು ಫಿಲ್ಟರ್ ಮಧ್ಯೆ ಹಾಕಿ, ಆಗ್ಲೂ ಆಗ್ಲಿಲ್ಲ ಅಂದ್ರೆ ಆ ಆಂಟೆನಾಗೆ ಸರಿಯಾದ ಬೇಸ್ ರಿಗ್ ಬೇಕು. ಆದ್ರೆ ಫಿಲ್ಟರ್ ರಿಸೀವ್‌ಗೆ ಮಾತ್ರದ್ದಾದ್ರೆ ಅದರ ಮೂಲಕ ಪಿಟಿಟಿ (ಮಾತಾಡಕ್ಕೆ ಒತ್ತೋ ಬಟನ್) ಒತ್ಬೇಡಿ, ಹೊಗೆ ಬರತ್ತೆ.

ಪ್ರಶ್ನೆ: ಎಲ್ಲ ಮಾಡಿದ್ರೂ 28 ಮೆಗಾಹರ್ಟ್ಸಲ್ಲಿ ಒಂದು ಸಣ್ಣ ಸುಯ್ ಉಳ್ಕೊಂಡಿದೆ, ಅದೆಲ್ಲಿಂದ?

ಉತ್ತರ: ಆಂಟೆನಾ ಬಿಚ್ಚಿದಾಗ ಅದು ಕಮ್ಮಿ ಆದ್ರೆ, ಬೇರೆ ಗಲಾಟೆ ಯಾವುದೂ ಇಲ್ದಿದ್ರೆ, ಅಭಿನಂದನೆ, ಅದು ಆಕಾಶದ್ದು. 1930ರ ದಶಕದ ಶುರುವಲ್ಲಿ ಬೆಲ್ ಲ್ಯಾಬ್ಸಲ್ಲಿ ಕಾರ್ಲ್ ಜಾನ್ಸ್‌ಕಿ ಅನ್ನೋ ಎಂಜಿನಿಯರಿಗೆ ಕೊಟ್ಟಿದ್ದ ಕೆಲಸಾನೂ ನಮ್ಮದೇ ಥರದ್ದು, ಸಾಗರದಾಚೆ ಹೋಗೋ ರೇಡಿಯೋ ಟೆಲಿಫೋನಿಗೆ ತೊಂದರೆ ಕೊಡೋ ನಾಯ್ಸ್ ಎಲ್ಲಿಂದ ಅಂತ ಹುಡುಕೋದು. ತಿರುಗೋ ಆಂಟೆನಾ ಕಟ್ಟಿ 20.5 ಮೆಗಾಹರ್ಟ್ಸಲ್ಲಿ ಕೇಳ್ತಾ ಕೂತ. ಸಿಡಿಲಿನ ಚಟಪಟ ಸಿಕ್ತು, ಅದ್ರ ಜೊತೆ ಒಂದು ಸುಯ್ಯೂ ಸಿಕ್ತು, ಅದು 24 ಗಂಟೆಗೆ ಅಲ್ಲ, 23 ಗಂಟೆ 56 ನಿಮಿಷಕ್ಕೊಂದ್ಸಲ ಜೋರಾಗ್ತಿತ್ತು. ಅಂದ್ರೆ ಸೂರ್ಯನ ಜೊತೆ ಅಲ್ಲ, ನಕ್ಷತ್ರಗಳ ಜೊತೆ ತಿರುಗ್ತಿದೆ. 1933ರಲ್ಲಿ ಅದು ನಮ್ಮ ಆಕಾಶಗಂಗೆಯಿಂದ ಬರ್ತಿದೆ ಅಂತ ಪ್ರಕಟ ಮಾಡ್ದ. ನಿಮ್ಮ ಸ್ಟೇಷನ್ ಅದನ್ನ ಕೇಳ್ತಿದೆ ಅಂದ್ರೆ ಆ ಬ್ಯಾಂಡಲ್ಲಿ ನೀವು ಇನ್ನೇನೂ ರಿಪೇರಿ ಮಾಡೋದು ಉಳಿದಿಲ್ಲ.

ಪ್ರಶ್ನೆ: ನಿನ್ನೆ ತನಕ ಜನಜಂಗುಳಿ, ಇವತ್ತು ಬ್ಯಾಂಡ್ ಪೂರ್ತಿ ಖಾಲಿ. ಬ್ಯಾಂಡ್ ಸತ್ತಿದ್ಯಾ, ಆಂಟೆನಾ ಸತ್ತಿದ್ಯಾ ಹೇಗೆ ಗೊತ್ತಾಗತ್ತೆ?

ಉತ್ತರ: 14.100 ಮೆಗಾಹರ್ಟ್ಸ್‌ಗೆ ಹೋಗಿ ಮೂರು ನಿಮಿಷ ಸುಮ್ನೆ ಕೂತ್ಕೊಳ್ಳಿ. ಪ್ರಪಂಚದ ಬೇರೆ ಬೇರೆ ಮೂಲೆಗಳಲ್ಲಿರೋ 18 ಬೀಕನ್‌ಗಳು (ತಾವಾಗೇ ಸಿಗ್ನಲ್ ಕಳಿಸ್ತಿರೋ ಸ್ಟೇಷನ್‌ಗಳು) ಹತ್ತತ್ತು ಸೆಕೆಂಡಿನ ಸರದಿ ಹಾಕ್ಕೊಂಡು ಅಲ್ಲಿ ಕೂಗ್ತವೆ, ಮೊದ್ಲು ಮೋರ್ಸಲ್ಲಿ ಕಾಲ್‌ಸೈನ್ (ಸ್ಟೇಷನ್ನಿನ ಗುರುತಿನ ಹೆಸರು), ಆಮೇಲೆ ನಾಲ್ಕು ಉದ್ದ ಡ್ಯಾಶ್. ಕಾಲ್‌ಸೈನೂ ಮೊದಲ ಡ್ಯಾಶೂ 100 ವ್ಯಾಟ್, ಆಮೇಲೆ 10, 1, ಕೊನೇದು 0.1 ವ್ಯಾಟ್. ಎಷ್ಟನೇ ಡ್ಯಾಶ್ ತನಕ ಕೇಳಿಸ್ತು ಅನ್ನೋದರ ಮೇಲೆ ದಾರಿ ಎಷ್ಟು ತೆರೆದಿದೆ ಅಂತ ಗೊತ್ತಾಗತ್ತೆ. 18.110, 21.150, 24.930, 28.200ರಲ್ಲೂ ಇವೇ ಬೀಕನ್ ಬರ್ತವೆ. ಹಗಲಲ್ಲಿ ಎಲ್ಲಾ ಬ್ಯಾಂಡೂ ಒಂದೇ ಸಲ ದಿಢೀರ್ ಅಂತ ಮೌನ ಆಗಿದ್ರೆ ಸೂರ್ಯನಲ್ಲಿ ಫ್ಲೇರ್ (ಜ್ವಾಲೆ) ಎದ್ದಿರಬಹುದು, ಕೆಲವು ನಿಮಿಷದಿಂದ ಒಂದೆರಡು ಗಂಟೆ ಒಳಗೆ ತಾನಾಗೇ ಸರಿ ಹೋಗತ್ತೆ, ಆಂಟೆನಾ ಬಿಚ್ಚಕ್ಕೆ ಹೋಗ್ಬೇಡಿ.

ಬೀಕನ್ನೂ ಇಲ್ಲ, ಸುಯ್ ಅನ್ನೋದೂ ಇಲ್ಲ, ಮರುದಿನವೂ ಹಾಗೇ ಇದೆ ಅಂದ್ರೆ ಕನೆಕ್ಟರ್ ನೋಡಿ. ಗಾಳಿ ಬಂದಾಗ ಚರ್ ಚರ್ ಅಂದ್ರೆ, ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಪವರ್ ಎಷ್ಟು ವಾಪಸ್ ಬರ್ತಿದೆ ಅನ್ನೋ ಅಳತೆ) ಮುಳ್ಳು ಕುಣಿದ್ರೆ ಬೆಸುಗೆ ಬಿಟ್ಟಿದೆ. ಮೇಲಿನ ತುದಿಯ ಪ್ಲಗ್ ಬಿಚ್ಚಿ ಕೇಬಲ್ ಕುಯ್ದು ನೋಡಿದಾಗ ತಾಮ್ರದ ಜಾಲರಿ ಹಸಿರೋ ಕಪ್ಪೋ ತಿರುಗಿದ್ರೆ ನೀರು ಒಳಗೆ ಹೋಗಿದೆ, ಒಣಗಿಸಿ ಉಪಯೋಗಿಸಕ್ಕೆ ನೋಡ್ಬೇಡಿ, ಹೊಳೆಯೋ ತಾಮ್ರ ಸಿಗೋ ತನಕ ಕತ್ತರಿಸ್ತಾ ಬನ್ನಿ, ಹೊಸ ಪ್ಲಗ್ ಹಾಕಿ, ತಾನಾಗಿ ಅಂಟ್ಕೊಳ್ಳೋ ರಬ್ಬರ್ ಟೇಪನ್ನ ಕೆಳಗಿಂದ ಮೇಲಕ್ಕೆ ಸುತ್ತಿ.